ಮಕ್ಕಳಲ್ಲಿ ಪ್ರತಿಜೈವಿಕ ಔಷಧಗಳ ಸಮರ್ಪಕ ಬಳಕೆ: ಮಂಗಳೂರಿನಲ್ಲಿ ವಿದ್ಯಾರ್ಥಿಗಳಿಗೆ ಲಭ್ಯವಿರುವ ಸಂಶೋಧನಾ ಅವಕಾಶಗಳು

1. ಪೀಠಿಕೆ

ರೂಢಿಯಲ್ಲಿ ಆಂಟಿಬಯೋಟಿಕ್ ಎಂದು ಕರೆಯಲಾಗುವ ಪ್ರತಿಜೈವಿಕ ಔಷಧಗಳನ್ನು ಮಕ್ಕಳಿಗೆ ಯಾವಾಗ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ನೀಡಲಾಗುತ್ತಿದೆ ಎಂಬುದನ್ನು ತಿಳಿದು ಅದನ್ನು ಸುಧಾರಿಸುವ ದಿಶೆಯಲ್ಲಿ ವೈದ್ಯಕೀಯ, ದಂತವೈದ್ಯಕೀಯ, ಔಷಧ ವಿಜ್ಞಾನ, ಶುಶ್ರೂಷಾ ಹಾಗೂ ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಅಧ್ಯಯನಗಳ ಕುರಿತು ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಅರ್ಹತೆ, ಲಭ್ಯವಿರುವ ಯೋಜನೆಗಳು, ಪಡೆಯಬೇಕಾದ ಅನುಮತಿಗಳು, ಲಗತ್ತಿಸಬೇಕಾದ ದಾಖಲೆಗಳು ಮತ್ತು ಅಧ್ಯಯನದಲ್ಲಿ ಭಾಗವಹಿಸಲು ಕೋರಲಾಗುವ ಮಕ್ಕಳ ಪೋಷಕರ ಹಕ್ಕುಗಳನ್ನು ಮುಂದಿನ ಕಂಡಿಕೆಗಳಲ್ಲಿ ವಿವರಿಸಲಾಗಿದೆ. ಅರ್ಜಿದಾರರು ಪೂರ್ಣ ಮಾಹಿತಿಯನ್ನು ಓದಿಕೊಂಡ ನಂತರವೇ ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸುವುದು ಸೂಕ್ತ.

2. ವಿಷಯದ ಮಹತ್ವ

ಪ್ರತಿಜೈವಿಕ ಔಷಧಗಳು ಬ್ಯಾಕ್ಟೀರಿಯಗಳಿಂದ ಬರುವ ರೋಗಗಳನ್ನು ಮಾತ್ರ ಗುಣಪಡಿಸುತ್ತವೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಂಡುಬರುವ ನೆಗಡಿ, ಹೆಚ್ಚಿನ ಗಂಟಲು ನೋವು ಮತ್ತು ನೀರಿನಂತಹ ಭೇದಿ ಬಹುಮಟ್ಟಿಗೆ ವೈರಸ್‌ಗಳಿಂದ ಬರುವವಾದ್ದರಿಂದ ಇವುಗಳಿಗೆ ಈ ಔಷಧಗಳಿಂದ ಪ್ರಯೋಜನವಿರುವುದಿಲ್ಲ. ಅನಗತ್ಯವಾಗಿ ಅಥವಾ ಕಡಿಮೆ ಪ್ರಮಾಣದಲ್ಲಿ ಔಷಧ ನೀಡಿದಾಗ ದೇಹದಲ್ಲಿರುವ ಬ್ಯಾಕ್ಟೀರಿಯಗಳ ಪೈಕಿ ಔಷಧಕ್ಕೆ ಮಣಿಯದವು ಉಳಿದು ವೃದ್ಧಿಯಾಗುತ್ತವೆ. ಮುಂದೆ ಅದೇ ಮಗುವಿಗೆ ಅಥವಾ ಅದೇ ವಾರ್ಡಿನ ಮತ್ತೊಂದು ಮಗುವಿಗೆ ತೀವ್ರ ಸೋಂಕು ತಗುಲಿದಾಗ ಸಾಮಾನ್ಯ ಔಷಧಗಳು ಕೆಲಸ ಮಾಡುವುದಿಲ್ಲ. ಇದನ್ನೇ ಔಷಧ ನಿರೋಧಕತೆ ಎನ್ನಲಾಗುತ್ತದೆ.

2022ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 2019ನೇ ಸಾಲಿನಲ್ಲಿ ಬ್ಯಾಕ್ಟೀರಿಯಗಳ ಔಷಧ ನಿರೋಧಕತೆಯಿಂದ ನೇರವಾಗಿ ಸುಮಾರು 12 ಲಕ್ಷ 70 ಸಾವಿರ ಜನರು ಮೃತಪಟ್ಟಿದ್ದು, ಅವರಲ್ಲಿ ಸುಮಾರು ಐವರಿಗೆ ಒಬ್ಬರು ಐದು ವರ್ಷದೊಳಗಿನ ಮಕ್ಕಳಾಗಿದ್ದರು. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನವಜಾತ ಶಿಶುಗಳ ರಕ್ತದ ಸೋಂಕಿನ ಬಗ್ಗೆ ನಡೆಸಿ 2016ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಪ್ರಮುಖ ರೋಗಾಣುಗಳು ಹಲವು ಔಷಧಗಳಿಗೆ ಏಕಕಾಲದಲ್ಲಿ ನಿರೋಧಕತೆ ಹೊಂದಿರುವುದು ಕಂಡುಬಂದಿತು. ಹುಟ್ಟಿ ಕೆಲವೇ ದಿನಗಳಾದ ಶಿಶುವು ಸ್ವತಃ ಯಾವ ಔಷಧವನ್ನೂ ದುರ್ಬಳಕೆ ಮಾಡಿರುವುದಿಲ್ಲ. ಸಮಾಜವು ಮಾಡಿದ ಬಳಕೆಯ ಫಲವನ್ನು ಅದು ಅನುಭವಿಸಬೇಕಾಗುತ್ತದೆ. ಆದ್ದರಿಂದ ಈ ವಿಷಯವು ವೈದ್ಯರಿಗೆ ಮಾತ್ರ ಸೀಮಿತವಾದುದಲ್ಲ.

ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ನ್ಯುಮೋನಿಯ, ನವಜಾತ ಶಿಶುವಿನ ರಕ್ತದ ಸೋಂಕು, ಮಿದುಳು ಪೊರೆಯ ಉರಿಯೂತ ಮುಂತಾದವುಗಳಲ್ಲಿ ಪ್ರತಿಜೈವಿಕ ಔಷಧವನ್ನು ತಡಮಾಡದೆ ನೀಡದಿದ್ದಲ್ಲಿ ಮಗುವಿನ ಪ್ರಾಣಕ್ಕೆ ಅಪಾಯವಿರುತ್ತದೆ. ಬಳಕೆಯನ್ನು ಕಡಿಮೆ ಮಾಡುವುದೊಂದೇ ಉದ್ದೇಶವಲ್ಲ; ಬೇಕಾದ ಮಗುವಿಗೆ ಬೇಕಾದ ಔಷಧ ಸಕಾಲದಲ್ಲಿ ದೊರೆಯುವುದು ಮತ್ತು ಬೇಡದ ಮಗುವಿಗೆ ನೀಡದಿರುವುದು ಎರಡೂ ಸಮರ್ಪಕ ಬಳಕೆಯ ಅಂಗಗಳಾಗಿವೆ.

3. ಮಂಗಳೂರಿನಲ್ಲಿ ಅಧ್ಯಯನಕ್ಕೆ ಇರುವ ಅನುಕೂಲತೆಗಳು

ಮಂಗಳೂರು ನಗರ ಹಾಗೂ ಅದರ ಆಸುಪಾಸಿನಲ್ಲಿ ಹಲವು ವೈದ್ಯಕೀಯ ಕಾಲೇಜುಗಳು ಕಾರ್ಯನಿರ್ವಹಿಸುತ್ತಿವೆ. 1848ರಲ್ಲಿ ಆರಂಭವಾದ ಸರ್ಕಾರಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಚಿಕಿತ್ಸೆಗಾಗಿ ಪ್ರಾದೇಶಿಕ ಉನ್ನತ ಮಕ್ಕಳ ಚಿಕಿತ್ಸಾ ಕೇಂದ್ರವಿದ್ದು, ಸರ್ಕಾರಿ ಲೇಡಿಗೋಷನ್ ಆಸ್ಪತ್ರೆಯಲ್ಲಿ ಹೆರಿಗೆ ಮತ್ತು ನವಜಾತ ಶಿಶುಗಳ ಆರೈಕೆ ನಡೆಯುತ್ತದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ದಶಕಗಳಿಂದ ಈ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುತ್ತಿದ್ದಾರೆ. ಕಂಕನಾಡಿಯ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿ ಮತ್ತು ಯೆನೆಪೋಯ ವೈದ್ಯಕೀಯ ಕಾಲೇಜು, ಕುಂಟಿಕಾನದ ಎ.ಜೆ. ವೈದ್ಯಕೀಯ ವಿಜ್ಞಾನ ಸಂಸ್ಥೆ, ಮುಕ್ಕದ ಶ್ರೀನಿವಾಸ ವೈದ್ಯಕೀಯ ವಿಜ್ಞಾನ ಸಂಸ್ಥೆ ಹಾಗೂ ನಾಟೆಕಲ್‌ನ ಕಣಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಗಳೂ ಇಲ್ಲಿವೆ. ದಂತವೈದ್ಯಕೀಯ, ಔಷಧ ವಿಜ್ಞಾನ ಮತ್ತು ಶುಶ್ರೂಷಾ ಕಾಲೇಜುಗಳೂ ಗಣನೀಯ ಸಂಖ್ಯೆಯಲ್ಲಿವೆ.

ದಕ್ಷಿಣ ಕನ್ನಡ ಜಿಲ್ಲೆಯವರಲ್ಲದೆ ಉಡುಪಿ, ಕಾಸರಗೋಡು ಮುಂತಾದ ನೆರೆಯ ಜಿಲ್ಲೆಗಳ ಮಕ್ಕಳೂ ಚಿಕಿತ್ಸೆಗಾಗಿ ಮಂಗಳೂರಿಗೆ ಬರುತ್ತಾರೆ. ಬರುವ ಮುನ್ನ ಊರಿನ ಔಷಧ ಅಂಗಡಿಯಲ್ಲಿ ಅಥವಾ ಸ್ಥಳೀಯ ವೈದ್ಯರಲ್ಲಿ ಯಾವ ಔಷಧ ಪಡೆದಿದ್ದರು ಎಂಬುದು ಅನೇಕ ಸಂದರ್ಭಗಳಲ್ಲಿ ದಾಖಲಾಗುವುದಿಲ್ಲ. ಇದಲ್ಲದೆ ಮುಂಗಾರಿನ ತಿಂಗಳುಗಳಲ್ಲಿ ಜ್ವರದ ಪ್ರಕರಣಗಳು ಹೆಚ್ಚುತ್ತವೆ. ವೈರಾಣು ಜ್ವರ, ಡೆಂಗಿ, ಮಲೇರಿಯ, ಇಲಿಜ್ವರ ಇವೆಲ್ಲವೂ ಆರಂಭದಲ್ಲಿ ಒಂದೇ ರೀತಿ ತೋರುವುದರಿಂದ ರಕ್ತಪರೀಕ್ಷೆಗೆ ಮುನ್ನವೇ ಪ್ರತಿಜೈವಿಕ ಔಷಧ ಆರಂಭಿಸುವ ಪ್ರವೃತ್ತಿಗೆ ಅವಕಾಶವಾಗುತ್ತದೆ. ಈ ಕಾರಣಗಳಿಂದ ಇಲ್ಲಿನ ಸ್ಥಳೀಯ ಅಧ್ಯಯನಗಳಿಗೆ ವಿಶೇಷ ಪ್ರಾಮುಖ್ಯತೆ ಇದೆ.

4. ಲಭ್ಯವಿರುವ ಯೋಜನೆಗಳು ಮತ್ತು ಅರ್ಹತೆ

(ಅ) ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿವೇತನ: ಈ ಯೋಜನೆಯನ್ನು 1979ರಲ್ಲಿ ಆರಂಭಿಸಲಾಯಿತು. ಎಂ.ಬಿ.ಬಿ.ಎಸ್. ಮತ್ತು ಬಿ.ಡಿ.ಎಸ್. ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಬೋಧಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಅವಧಿಯ ಅಧ್ಯಯನ ಕೈಗೊಳ್ಳಬಹುದು. ಇಂಟರ್ನ್‌ಶಿಪ್‌ನಲ್ಲಿರುವವರಿಗೆ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದು ಅನ್ವಯಿಸುವುದಿಲ್ಲ. 2022ನೇ ಸಾಲಿನಲ್ಲಿ ಎರಡು ತಿಂಗಳಿಗೆ ಒಟ್ಟು 50,000 ರೂಪಾಯಿ ವಿದ್ಯಾರ್ಥಿವೇತನ ನಿಗದಿಯಾಗಿತ್ತು. ಪ್ರಸ್ತಾವನೆ ಆಯ್ಕೆಯಾದ ಮಾತ್ರಕ್ಕೆ ಹಣ ಬಿಡುಗಡೆಯಾಗುವುದಿಲ್ಲ. ಅಧ್ಯಯನದ ವರದಿಯನ್ನು ಸಲ್ಲಿಸಿ ಅದು ಅಂಗೀಕಾರವಾದ ನಂತರವೇ ವಿದ್ಯಾರ್ಥಿವೇತನ ಹಾಗೂ ಪ್ರಮಾಣಪತ್ರ ದೊರೆಯುತ್ತವೆ. ಪ್ರತಿ ಸಾಲಿನ ದಿನಾಂಕ, ಮೊತ್ತ ಮತ್ತು ಷರತ್ತುಗಳಿಗೆ ಮಂಡಳಿಯ ಆಯಾ ವರ್ಷದ ಅಧಿಸೂಚನೆಯನ್ನು ನೋಡತಕ್ಕದ್ದು.

(ಆ) ವಿಶ್ವವಿದ್ಯಾಲಯದ ಸಂಶೋಧನಾ ಅನುದಾನ: 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಸಂಯೋಜಿತ ಕಾಲೇಜುಗಳಿಂದ ಸಂಶೋಧನಾ ಪ್ರಸ್ತಾವನೆಗಳನ್ನು ಆಹ್ವಾನಿಸುತ್ತದೆ. ಪರಿಗಣಿತ ವಿಶ್ವವಿದ್ಯಾಲಯಗಳ ಅಧೀನದಲ್ಲಿರುವ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ವಿಚಾರಿಸುವುದು.

(ಇ) ಸ್ನಾತಕೋತ್ತರ ಪ್ರಬಂಧ: ಎಂ.ಡಿ. ವಿದ್ಯಾರ್ಥಿಗಳಿಗೆ ಪ್ರಬಂಧ ಕಡ್ಡಾಯವಾಗಿರುತ್ತದೆ. ಮಕ್ಕಳ ಚಿಕಿತ್ಸೆ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಸಮುದಾಯ ವೈದ್ಯಶಾಸ್ತ್ರ ವಿಭಾಗಗಳಲ್ಲಿ ಈ ವಿಷಯವನ್ನು ಆಯ್ದುಕೊಳ್ಳಲು ಅವಕಾಶವಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿ ದೊರೆಯುವುದರಿಂದ ಎಲ್ಲ ಋತುಗಳ ಮಾಹಿತಿಯನ್ನು ಸಂಗ್ರಹಿಸಬಹುದು.

(ಈ) ಫಾರ್ಮ್.ಡಿ. ಯೋಜನಾ ಕಾರ್ಯ: 2008ರಲ್ಲಿ ಆರಂಭವಾದ ಆರು ವರ್ಷಗಳ ಈ ಕೋರ್ಸಿನ ಐದನೇ ವರ್ಷದಲ್ಲಿ ಆರು ತಿಂಗಳ ಯೋಜನಾ ಕಾರ್ಯವಿರುತ್ತದೆ. ವಿದ್ಯಾರ್ಥಿಗಳು ವಾರ್ಡುಗಳಲ್ಲಿ ವೈದ್ಯರೊಂದಿಗೆ ಇರುವುದರಿಂದ ಔಷಧ ಚೀಟಿಗಳ ಪರಿಶೀಲನೆ, ಪ್ರಮಾಣದ ಲೆಕ್ಕ ಮತ್ತು ಪೋಷಕರಿಗೆ ತಿಳಿವಳಿಕೆ ನೀಡುವ ಅಧ್ಯಯನಗಳಿಗೆ ಇದು ಹೆಚ್ಚು ಅನುಕೂಲಕರವಾಗಿದೆ.

(ಉ) ಶುಶ್ರೂಷಾ ಮತ್ತು ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿಗಳು: ಪಠ್ಯಕ್ರಮದ ಭಾಗವಾದ ಸಂಶೋಧನಾ ಕಾರ್ಯದಲ್ಲಿ ಮನೆಯಲ್ಲಿ ಔಷಧ ನೀಡುವ ಕ್ರಮ, ತಾಯಂದಿರ ತಿಳಿವಳಿಕೆ ಮುಂತಾದ ವಿಷಯಗಳನ್ನು ಕೈಗೆತ್ತಿಕೊಳ್ಳಬಹುದು.

5. ಅಧ್ಯಯನಕ್ಕೆ ಸೂಕ್ತವಾದ ವಿಷಯಗಳು

ಈ ಕೆಳಕಂಡ ವಿಷಯಗಳನ್ನು ಉದಾಹರಣೆಯಾಗಿ ನೀಡಲಾಗಿದೆ. ವಿದ್ಯಾರ್ಥಿಗಳು ತಮ್ಮ ಅವಧಿ ಮತ್ತು ಅನುಕೂಲಕ್ಕೆ ತಕ್ಕಂತೆ ಒಂದೇ ಪ್ರಶ್ನೆಯನ್ನು ಆಯ್ದುಕೊಳ್ಳುವುದು ಸೂಕ್ತ.

(ಅ) ಹೊರರೋಗಿ ವಿಭಾಗದಲ್ಲಿ ನೆಗಡಿ, ಕೆಮ್ಮು: ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯವನ್ನು ಗುರುತಿಸಲು ಉಸಿರಾಟದ ಗತಿಯನ್ನು ಪೂರ್ಣ ಒಂದು ನಿಮಿಷ ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಇದ್ದಲ್ಲಿ ವೇಗದ ಉಸಿರಾಟವೆಂದು ಪರಿಗಣಿಸಲಾಗುತ್ತದೆ. ಪ್ರತಿಜೈವಿಕ ಔಷಧ ಬರೆಯಲಾದ ಎಷ್ಟು ಮಕ್ಕಳ ದಾಖಲೆಯಲ್ಲಿ ಈ ಎಣಿಕೆ ನಮೂದಾಗಿದೆ ಎಂಬ ಒಂದು ಸರಳ ಪ್ರಶ್ನೆಯೇ ಉಪಯುಕ್ತ ಅಧ್ಯಯನವಾಗುತ್ತದೆ.

(ಆ) ಭೇದಿಯ ಚಿಕಿತ್ಸೆ: ನೀರಿನಂತಹ ಭೇದಿಗೆ ಓ.ಆರ್.ಎಸ್. ಹಾಗೂ 14 ದಿನಗಳ ಸತುವಿನ ಔಷಧ ಮುಖ್ಯ ಚಿಕಿತ್ಸೆಯಾಗಿದ್ದು, ರಕ್ತಭೇದಿ, ಕಾಲರಾ ಮುಂತಾದ ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ಪ್ರತಿಜೈವಿಕ ಔಷಧದ ಅಗತ್ಯವಿರುತ್ತದೆ. ಎಷ್ಟು ಮಕ್ಕಳಿಗೆ ಸತು ದೊರೆತಿದೆ, ಎಷ್ಟು ಮಕ್ಕಳಿಗೆ ಅನಗತ್ಯ ಔಷಧ ದೊರೆತಿದೆ ಎಂಬುದನ್ನು ಜೊತೆಯಾಗಿ ಪರಿಶೀಲಿಸಬಹುದು.

(ಇ) ತೂಕಕ್ಕೆ ತಕ್ಕ ಪ್ರಮಾಣ: ಮಕ್ಕಳ ಔಷಧದ ಪ್ರಮಾಣವು ತೂಕವನ್ನು ಅವಲಂಬಿಸಿರುತ್ತದೆ. ಉದಾಹರಣೆಗೆ, 10 ಕಿಲೋ ತೂಕದ ಮಗುವಿಗೆ ಒಂದು ಬಾರಿಗೆ ಕಿಲೋಗೆ 40 ಮಿಲಿಗ್ರಾಂನಂತೆ ಅಮಾಕ್ಸಿಸಿಲಿನ್ ಬರೆಯಲಾಗಿದ್ದಲ್ಲಿ ಅದು 400 ಮಿಲಿಗ್ರಾಂ ಆಗುತ್ತದೆ. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ 8 ಮಿಲಿಲೀಟರ್ ನೀಡಬೇಕು. ಮನೆಯಲ್ಲಿ 5 ಮಿಲಿಲೀಟರಿನ ಒಂದು ಮುಚ್ಚಳ ಮಾತ್ರ ನೀಡಿದಲ್ಲಿ ಮಗುವಿಗೆ 250 ಮಿಲಿಗ್ರಾಂ ಮಾತ್ರ ದೊರೆಯುತ್ತದೆ. ಚೀಟಿಯಲ್ಲಿ ತೂಕ ನಮೂದಾಗಿದೆಯೇ, ಬರೆದ ಪ್ರಮಾಣ ಸರಿಯಿದೆಯೇ, ಪೋಷಕರು ಅಳೆಯುವ ಪ್ರಮಾಣ ಸರಿಯಿದೆಯೇ ಎಂಬ ಮೂರು ಹಂತಗಳನ್ನು ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು.

(ಈ) ಪುಡಿ ರೂಪದ ಸಿರಪ್‌ನ ತಯಾರಿಕೆ ಮತ್ತು ಉಳಿಕೆ: ಬಾಟಲಿಯಲ್ಲಿ ಗುರುತಿನವರೆಗೆ ಕುದಿಸಿ ಆರಿಸಿದ ನೀರು ಹಾಕಿ ಕಲಕಬೇಕಾದ ಔಷಧಗಳನ್ನು ತಯಾರಿಸಿದ ಮೇಲೆ ಲೇಬಲ್ಲಿನಲ್ಲಿ ತಿಳಿಸಿದ ಕೆಲವೇ ದಿನಗಳೊಳಗೆ ಬಳಸಬೇಕಾಗುತ್ತದೆ. ಉಳಿದ ಸಿರಪನ್ನು ಮುಂದಿನ ಜ್ವರಕ್ಕೆ ಅಥವಾ ಮತ್ತೊಂದು ಮಗುವಿಗೆ ನೀಡುವ ಪದ್ಧತಿ ಎಷ್ಟರಮಟ್ಟಿಗೆ ಇದೆ ಎಂಬುದನ್ನು ಮನೆಭೇಟಿಯ ಮೂಲಕ ಅರಿಯಬಹುದು.

(ಉ) ವೈದ್ಯರ ಚೀಟಿ ಇಲ್ಲದೆ ಖರೀದಿ: ಹಳೆಯ ಚೀಟಿಯನ್ನೇ ತೋರಿಸಿ ಔಷಧ ಪಡೆಯುವುದು, ಖಾಲಿ ಬಾಟಲಿ ತೋರಿಸಿ ಅದೇ ಔಷಧ ಕೇಳುವುದು ಮುಂತಾದವುಗಳ ಕಾರಣಗಳನ್ನು ಪೋಷಕರಿಂದ ತಿಳಿಯಬಹುದು. ದಿನಗೂಲಿ ನಷ್ಟ, ಆಸ್ಪತ್ರೆಯ ದೂರ, ವೈದ್ಯರ ಶುಲ್ಕ ಇವು ಕಾರಣವಾಗಿರಬಹುದಾದ್ದರಿಂದ ಪೋಷಕರನ್ನು ದೂಷಿಸುವ ರೀತಿಯ ಪ್ರಶ್ನಾವಳಿಯನ್ನು ಸಿದ್ಧಪಡಿಸಬಾರದು.

(ಊ) ವಾರ್ಡಿನಲ್ಲಿ ಔಷಧದ ಮರುಪರಿಶೀಲನೆ: ದಾಖಲಾದ ಮಗುವಿಗೆ ಔಷಧ ಆರಂಭಿಸುವ ಮುನ್ನ ರಕ್ತದ ಕಲ್ಚರ್ ಪರೀಕ್ಷೆಗೆ ಕಳುಹಿಸಲಾಗಿದೆಯೇ, ವರದಿ ಬಂದ ನಂತರ ಔಷಧವನ್ನು ಬದಲಾಯಿಸಲಾಗಿದೆಯೇ ಅಥವಾ ನಿಲ್ಲಿಸಲಾಗಿದೆಯೇ, ಚುಚ್ಚುಮದ್ದಿನಿಂದ ಬಾಯಿಯ ಔಷಧಕ್ಕೆ ಯಾವಾಗ ಬದಲಾಯಿಸಲಾಯಿತು ಎಂಬುದನ್ನು ದಾಖಲೆಗಳಿಂದ ಪರಿಶೀಲಿಸಬಹುದು.

6. ಅಳತೆಯ ವಿಧಾನಗಳು

(ಅ) ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಪ್ರಕಟಿಸಿದ ಔಷಧ ಬಳಕೆಯ ಸೂಚಕಗಳು ಇಂದಿಗೂ ಬಳಕೆಯಲ್ಲಿವೆ. ಪ್ರತಿ ಭೇಟಿಗೆ ಬರೆದ ಔಷಧಗಳ ಸರಾಸರಿ ಸಂಖ್ಯೆ, ಜೆನೆರಿಕ್ ಹೆಸರಿನಲ್ಲಿ ಬರೆದ ಪ್ರಮಾಣ, ಪ್ರತಿಜೈವಿಕ ಔಷಧ ಬರೆದ ಭೇಟಿಗಳ ಪ್ರಮಾಣ, ಚುಚ್ಚುಮದ್ದು ಬರೆದ ಭೇಟಿಗಳ ಪ್ರಮಾಣ ಮತ್ತು ಅಗತ್ಯ ಔಷಧಗಳ ಪಟ್ಟಿಯಿಂದ ಬರೆದ ಪ್ರಮಾಣ ಇವುಗಳಲ್ಲಿ ಸೇರಿವೆ. ಹಲವು ಆರೋಗ್ಯ ಕೇಂದ್ರಗಳ ಸಮೀಕ್ಷೆಗೆ ಕನಿಷ್ಠ 600 ಭೇಟಿಗಳನ್ನು ಪರಿಶೀಲಿಸಬೇಕೆಂದು ಅದರಲ್ಲಿ ಶಿಫಾರಸು ಮಾಡಲಾಗಿದೆ.

(ಆ) ಅವೇರ್ ವರ್ಗೀಕರಣ: 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿಜೈವಿಕ ಔಷಧಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಸಾಮಾನ್ಯ ಸೋಂಕುಗಳಿಗೆ ಮೊದಲು ಬಳಸಬೇಕಾದ ಗುಂಪಿನಲ್ಲಿ ಅಮಾಕ್ಸಿಸಿಲಿನ್, ಎಚ್ಚರಿಕೆಯಿಂದ ಬಳಸಬೇಕಾದ ಗುಂಪಿನಲ್ಲಿ ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಕೊನೆಯ ಆಸರೆಯಾಗಿ ಕಾಯ್ದಿರಿಸಬೇಕಾದ ಗುಂಪಿನಲ್ಲಿ ಕೊಲಿಸ್ಟಿನ್, ಲಿನೆಜೊಲಿಡ್ ಮುಂತಾದವು ಬರುತ್ತವೆ. 2030ರ ವೇಳೆಗೆ ಮಾನವ ಬಳಕೆಯ ಪ್ರತಿಜೈವಿಕ ಔಷಧಗಳಲ್ಲಿ ಶೇ. 70ರಷ್ಟು ಮೊದಲ ಗುಂಪಿನವಾಗಿರಬೇಕೆಂಬ ಜಾಗತಿಕ ಗುರಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಭೆಯು ಅಂಗೀಕರಿಸಿದೆ.

(ಇ) ವಯಸ್ಕರ ಅಧ್ಯಯನಗಳಲ್ಲಿ ಬಳಸುವ ನಿಗದಿತ ದಿನದ ಪ್ರಮಾಣ ಎಂಬ ಅಳತೆಯು 70 ಕಿಲೋ ತೂಕದ ವಯಸ್ಕರನ್ನು ಆಧರಿಸಿದ್ದಾಗಿದೆ. ಮಕ್ಕಳ ತೂಕ ವಯಸ್ಸಿಗೆ ತಕ್ಕಂತೆ ಬದಲಾಗುವುದರಿಂದ ಇದನ್ನು ಮಕ್ಕಳಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ಬದಲಾಗಿ ಚಿಕಿತ್ಸೆ ನೀಡಿದ ದಿನಗಳ ಲೆಕ್ಕವನ್ನು ಬಳಸುವುದು ಸೂಕ್ತ.

(ಈ) ಎರಡು ತಿಂಗಳ ಅಧ್ಯಯನವು ಜೂನ್-ಜುಲೈನಲ್ಲಿ ನಡೆದರೆ ದೊರೆಯುವ ಅಂಕಿಅಂಶಗಳು ಮಾರ್ಚ್-ಏಪ್ರಿಲ್‌ನಲ್ಲಿ ನಡೆದರೆ ದೊರೆಯುವುದಕ್ಕಿಂತ ಭಿನ್ನವಾಗಿರುತ್ತವೆ. ವರದಿಯಲ್ಲಿ ಅವಧಿಯನ್ನು ಸ್ಪಷ್ಟವಾಗಿ ನಮೂದಿಸಿ, ವರ್ಷಪೂರ್ತಿಯ ಸ್ಥಿತಿ ಎಂದು ಬಿಂಬಿಸದಿರುವುದು. ಅಲ್ಲದೆ, ತಮ್ಮ ಚೀಟಿಗಳನ್ನು ಗಮನಿಸಲಾಗುತ್ತಿದೆ ಎಂದು ತಿಳಿದ ವೈದ್ಯರ ಬರವಣಿಗೆಯ ಕ್ರಮ ಬದಲಾಗಬಹುದು. ಸಾಧ್ಯವಿದ್ದಲ್ಲಿ ಹಿಂದಿನ ಅವಧಿಯ ದಾಖಲೆಗಳೊಂದಿಗೆ ಹೋಲಿಸುವುದು ಉತ್ತಮ.

(ಉ) ಎಣಿಕೆಯಿಂದ ಮಾತ್ರ ಸುಧಾರಣೆ ಆಗುವುದಿಲ್ಲ. ಮೊದಲು ಅಳೆದು, ಫಲಿತಾಂಶವನ್ನು ವಿಭಾಗದ ವೈದ್ಯರ ಮುಂದಿಟ್ಟು, ಒಂದು ಬದಲಾವಣೆಯನ್ನು ಜಾರಿಗೊಳಿಸಿ, ಅದೇ ರೀತಿ ಮತ್ತೊಮ್ಮೆ ಅಳೆದಲ್ಲಿ ಅಧ್ಯಯನವು ಪೂರ್ಣವಾಗುತ್ತದೆ. ಒಬ್ಬ ವಿದ್ಯಾರ್ಥಿಯ ಅವಧಿಯಲ್ಲಿ ಇದು ಸಾಧ್ಯವಾಗದಿದ್ದಲ್ಲಿ ಮುಂದಿನ ಸಾಲಿನ ವಿದ್ಯಾರ್ಥಿಯು ಎರಡನೇ ಹಂತವನ್ನು ಕೈಗೊಳ್ಳಬಹುದು.

7. ಕಾನೂನಿನ ಹಿನ್ನೆಲೆ

ಪ್ರತಿಜೈವಿಕ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರಾಟ ಮಾಡುವಂತಿಲ್ಲ. 2013ರಲ್ಲಿ ಅಧಿಸೂಚಿಸಲ್ಪಟ್ಟು 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯಲ್ಲಿ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಸೇರಿದಂತೆ ಹಲವು ಔಷಧಗಳಿವೆ. ಇವುಗಳನ್ನು ಮಾರುವಾಗ ಔಷಧ ಅಂಗಡಿಯವರು ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಹಾಗೂ ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಮೂರು ವರ್ಷಗಳವರೆಗೆ ಕಾಪಾಡತಕ್ಕದ್ದು. ಚೀಟಿಯಿಂದಲೇ ಪಡೆಯಬೇಕಾದ ಔಷಧಗಳ ಪೊಟ್ಟಣದ ಮೇಲಿನ ಕೆಂಪು ಗೆರೆಯ ಬಗ್ಗೆ 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಜಾಗೃತಿ ಅಭಿಯಾನ ಕೈಗೊಂಡಿತು. ಔಷಧ ನಿರೋಧಕತೆಯ ಕುರಿತ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು 2017ರಲ್ಲಿ ಪ್ರಕಟಿಸಲಾಯಿತು. ವಿದ್ಯಾರ್ಥಿಗಳು ಅಂಗಡಿಗಳಲ್ಲಿ ತಪಾಸಣೆ ನಡೆಸುವ ಅಧಿಕಾರವನ್ನು ಹೊಂದಿರುವುದಿಲ್ಲ. ಮಾಲೀಕರ ಸಮ್ಮತಿಯಿಂದ ಮಾತ್ರ ಮಾಹಿತಿ ಪಡೆಯಬಹುದು.

8. ಪಡೆಯಬೇಕಾದ ಅನುಮತಿಗಳು

(ಅ) ಸಾಂಸ್ಥಿಕ ನೈತಿಕ ಸಮಿತಿಯ ಅನುಮೋದನೆ: ಎಲ್ಲ ಅಧ್ಯಯನಗಳಿಗೂ ಪ್ರಸ್ತಾವನೆಯನ್ನು ಸಮಿತಿಗೆ ಸಲ್ಲಿಸತಕ್ಕದ್ದು. ಹೆಸರಿಲ್ಲದ ಹಳೆಯ ದಾಖಲೆಗಳ ಪರಿಶೀಲನೆಗೆ ವಿನಾಯಿತಿ ಅಥವಾ ಶೀಘ್ರ ಪರಿಶೀಲನೆ ದೊರೆಯಬಹುದಾದರೂ ಅದನ್ನು ನಿರ್ಧರಿಸುವುದು ಸಮಿತಿಯೇ ಹೊರತು ವಿದ್ಯಾರ್ಥಿ ಅಥವಾ ಮಾರ್ಗದರ್ಶಕರಲ್ಲ. ಅನುಮೋದನೆಗೆ ಮುನ್ನ ಸಂಗ್ರಹಿಸಿದ ಮಾಹಿತಿಯನ್ನು ಬಳಸುವಂತಿಲ್ಲ.

(ಆ) ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಅಧ್ಯಯನಕ್ಕೆ ಜಿಲ್ಲಾ ಶಸ್ತ್ರಚಿಕಿತ್ಸಕರು ಹಾಗೂ ಅಧೀಕ್ಷಕರ ಲಿಖಿತ ಅನುಮತಿ.

(ಇ) ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್‌ಗಳಲ್ಲಿ ಅಧ್ಯಯನಕ್ಕೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಅನುಮತಿ.

(ಈ) ಅಂಗನವಾಡಿಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಅನುಮತಿ. ಶಾಲೆಗಳಲ್ಲಿ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಹಾಗೂ ಮುಖ್ಯೋಪಾಧ್ಯಾಯರ ಅನುಮತಿ.

(ಉ) ಔಷಧದ ಪರಿಣಾಮವನ್ನು ಹೋಲಿಸುವ ಪ್ರಯೋಗವಾದಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸತಕ್ಕದ್ದು. ಅಲ್ಪಾವಧಿ ವಿದ್ಯಾರ್ಥಿಗಳು ಇಂತಹ ಪ್ರಯೋಗಗಳಿಗಿಂತ ವೀಕ್ಷಣಾ ಅಧ್ಯಯನಗಳನ್ನು ಆಯ್ದುಕೊಳ್ಳುವುದು ಒಳಿತು.

9. ಮಕ್ಕಳು ಮತ್ತು ಪೋಷಕರ ಸಮ್ಮತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳ ಪ್ರಕಾರ 18 ವರ್ಷದೊಳಗಿನವರ ಪರವಾಗಿ ಪೋಷಕರ ಸಮ್ಮತಿ ಅಗತ್ಯ. ಇದರೊಂದಿಗೆ 7 ವರ್ಷ ಮೀರಿದ, 12 ವರ್ಷದವರೆಗಿನ ಮಕ್ಕಳಿಂದ ಪೋಷಕರ ಸಮ್ಮುಖದಲ್ಲಿ ಮೌಖಿಕ ಒಪ್ಪಿಗೆಯನ್ನೂ, 12ರಿಂದ 18 ವರ್ಷದವರಿಂದ ಲಿಖಿತ ಒಪ್ಪಿಗೆಯನ್ನೂ ಪಡೆಯತಕ್ಕದ್ದು.

ಸಮ್ಮತಿ ಪತ್ರವು ಕನ್ನಡದಲ್ಲಿರುವುದು ಮಾತ್ರ ಸಾಲದು. ಮಂಗಳೂರಿನಲ್ಲಿ ಅನೇಕ ಕುಟುಂಬಗಳ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಮಲಯಾಳವಾಗಿರುತ್ತದೆ. ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ಮರಳಿ ಹೇಳಿದ ನಂತರವೇ ಸಹಿ ಪಡೆಯುವುದು. ಓದು ಬಾರದವರ ಹೆಬ್ಬೆಟ್ಟಿನ ಗುರುತು ಪಡೆಯುವಾಗ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಉಪಸ್ಥಿತರಿರತಕ್ಕದ್ದು. ಉಸಿರಾಟದ ತೊಂದರೆಯಿಂದ ಬಳಲುವ ಮಗುವನ್ನು ಎತ್ತಿಕೊಂಡು ನಿಂತಿರುವ ತಾಯಿಯ ಬಳಿ ಪ್ರಶ್ನಾವಳಿ ಹಿಡಿದು ಹೋಗುವಂತಿಲ್ಲ. ಚಿಕಿತ್ಸೆ ಮೊದಲು, ಅಧ್ಯಯನ ನಂತರ.

10. ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಅಧ್ಯಯನಕ್ಕೆ ಅನುಮತಿ ಕೋರುವವರು ಸಾಮಾನ್ಯವಾಗಿ ಈ ಕೆಳಕಂಡ ದಾಖಲೆಗಳನ್ನು ಸಿದ್ಧವಿಟ್ಟುಕೊಳ್ಳುವುದು:

(ಅ) ಕಾಲೇಜಿನ ಪ್ರಾಂಶುಪಾಲರು ಅಥವಾ ಡೀನ್ ಅವರ ಮೂಲಕ ಸಲ್ಲಿಸಿದ ಕೋರಿಕೆ ಪತ್ರ.
(ಆ) ವಿದ್ಯಾರ್ಥಿಯ ಗುರುತಿನ ಚೀಟಿಯ ಪ್ರತಿ.
(ಇ) ಮಾರ್ಗದರ್ಶಕರ ಒಪ್ಪಿಗೆ ಪತ್ರ.
(ಈ) ಉದ್ದೇಶ, ವಿಧಾನ, ಮಾದರಿ ಸಂಖ್ಯೆ, ಅವಧಿ ಒಳಗೊಂಡ ಸಂಶೋಧನಾ ಪ್ರಸ್ತಾವನೆ.
(ಉ) ನೈತಿಕ ಸಮಿತಿಯ ಅನುಮೋದನಾ ಪತ್ರದ ಪ್ರತಿ.
(ಊ) ಪ್ರಶ್ನಾವಳಿ ಹಾಗೂ ಕನ್ನಡದ ಸಮ್ಮತಿ ಪತ್ರದ ನಮೂನೆ.
(ಋ) ರೋಗಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬಹಿರಂಗಪಡಿಸುವುದಿಲ್ಲವೆಂಬ ಮುಚ್ಚಳಿಕೆ.
(ೠ) ಅಧ್ಯಯನದ ವೆಚ್ಚ ಮತ್ತು ಅದನ್ನು ಭರಿಸುವವರ ವಿವರ.

ಅಪೂರ್ಣ ಅರ್ಜಿಗಳಿಂದ ವಿಳಂಬವಾಗುವುದೇ ಹೆಚ್ಚು. ಕಾಲೇಜಿನ ಮೂಲಕವಲ್ಲದೆ ನೇರವಾಗಿ ಸಲ್ಲಿಸಿದ ಅರ್ಜಿ, ಅನುಮೋದಿತ ಪ್ರಸ್ತಾವನೆಗಿಂತ ಭಿನ್ನವಾದ ಪ್ರಶ್ನಾವಳಿ, ದಿನಾಂಕವಿಲ್ಲದ ಪತ್ರ ಇವುಗಳನ್ನು ಅರ್ಜಿದಾರರು ಮೊದಲೇ ಸರಿಪಡಿಸಿಕೊಳ್ಳುವುದು. ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆದು ಕಾಪಾಡಿಕೊಳ್ಳುವುದು.

11. ವೆಚ್ಚ ಮತ್ತು ಲೆಕ್ಕಪತ್ರ

ಅಧ್ಯಯನಕ್ಕೆಂದೇ ನಡೆಸುವ ಯಾವುದೇ ಪರೀಕ್ಷೆಯ ಶುಲ್ಕವನ್ನು ರೋಗಿಯಿಂದ ವಸೂಲು ಮಾಡುವಂತಿಲ್ಲ. ಔಷಧ ಕಂಪನಿಗಳಿಂದ ನೆರವು ಪಡೆದಿದ್ದಲ್ಲಿ ಅದನ್ನು ನೈತಿಕ ಸಮಿತಿಗೂ ವರದಿಯಲ್ಲಿಯೂ ತಿಳಿಸತಕ್ಕದ್ದು. ಅನುದಾನ ಪಡೆದವರು ಪ್ರತಿ ವೆಚ್ಚಕ್ಕೂ ರಸೀದಿ ಇರಿಸಿಕೊಂಡು, ಅನುದಾನ ನೀಡಿದ ಸಂಸ್ಥೆಯು ಕೋರಿದಲ್ಲಿ ಬಳಕೆಯ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ವಿದ್ಯಾರ್ಥಿವೇತನವು ವರದಿಯ ನಂತರ ದೊರೆಯುವುದಾದ್ದರಿಂದ ಮುದ್ರಣ, ಪ್ರಯಾಣ ಮುಂತಾದ ಆರಂಭಿಕ ವೆಚ್ಚವನ್ನು ಹೇಗೆ ಭರಿಸಲಾಗುವುದು ಎಂದು ಮೊದಲೇ ಯೋಚಿಸುವುದು ಸೂಕ್ತ.

12. ಪೋಷಕರ ಗಮನಕ್ಕೆ

(ಅ) ಅಧ್ಯಯನದಲ್ಲಿ ಭಾಗವಹಿಸುವುದು ಸಂಪೂರ್ಣ ಸ್ವಇಚ್ಛೆಗೆ ಬಿಟ್ಟ ವಿಷಯ. ನಿರಾಕರಿಸಿದಲ್ಲಿ ಮಗುವಿನ ಚಿಕಿತ್ಸೆಗೆ ಯಾವುದೇ ಬಾಧಕವಾಗುವುದಿಲ್ಲ.
(ಆ) ಒಮ್ಮೆ ಒಪ್ಪಿದ ನಂತರವೂ ಯಾವುದೇ ಹಂತದಲ್ಲಿ, ಕಾರಣ ತಿಳಿಸದೆ, ಹಿಂದೆ ಸರಿಯಬಹುದು.
(ಇ) ವಿದ್ಯಾರ್ಥಿಯ ಗುರುತಿನ ಚೀಟಿ ಹಾಗೂ ಅನುಮತಿ ಪತ್ರವನ್ನು ತೋರಿಸುವಂತೆ ಕೇಳುವ ಹಕ್ಕು ಪೋಷಕರಿಗಿದೆ. ಸಮ್ಮತಿ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆಯುವುದು.
(ಈ) ಮನೆಗೆ ಬಂದ ವಿದ್ಯಾರ್ಥಿಯು ಔಷಧ ನಿಲ್ಲಿಸಲು ಅಥವಾ ಬದಲಾಯಿಸಲು ಹೇಳುವಂತಿಲ್ಲ. ವೈದ್ಯರು ಬರೆದ ಔಷಧವನ್ನು ವೈದ್ಯರ ಸಲಹೆ ಇಲ್ಲದೆ ನಿಲ್ಲಿಸಬಾರದು.
(ಉ) ಮಗುವು ಹಾಲು ಕುಡಿಯದಿದ್ದಲ್ಲಿ, ವೇಗವಾಗಿ ಉಸಿರಾಡುತ್ತಿದ್ದಲ್ಲಿ, ಎದೆ ಒಳಸೆಳೆಯುತ್ತಿದ್ದಲ್ಲಿ, ಫಿಟ್ಸ್ ಬಂದಲ್ಲಿ ಅಥವಾ ಎಚ್ಚರಗೊಳಿಸಲು ಕಷ್ಟವಾದಲ್ಲಿ ಮನೆಯಲ್ಲಿರುವ ಸಿರಪ್ ನೀಡುತ್ತಾ ಕಾಯದೆ ಕೂಡಲೇ ಸಮೀಪದ ಆಸ್ಪತ್ರೆಗೆ ಕರೆದೊಯ್ಯುವುದು. 108 ಆಂಬ್ಯುಲೆನ್ಸ್ ಸೇವೆಯನ್ನು ಬಳಸಿಕೊಳ್ಳಬಹುದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೊದಲ ವರ್ಷದ ವಿದ್ಯಾರ್ಥಿಯು ಅಧ್ಯಯನ ಕೈಗೊಳ್ಳಬಹುದೇ?
ಉತ್ತರ: ಮಾರ್ಗದರ್ಶಕರು ಒಪ್ಪಿದಲ್ಲಿ, ಪೋಷಕರ ತಿಳಿವಳಿಕೆ, ಔಷಧದ ಅಳತೆ ಮುಂತಾದ ಸರಳ ವಿಷಯಗಳನ್ನು ಕೈಗೊಳ್ಳಬಹುದು. ಯೋಜನಾವಾರು ಅರ್ಹತೆಯನ್ನು ಆಯಾ ಅಧಿಸೂಚನೆಯಲ್ಲಿ ನೋಡುವುದು.

ಪ್ರಶ್ನೆ: ಅಧ್ಯಯನದ ವೇಳೆ ಮಗುವಿಗೆ ತಪ್ಪು ಪ್ರಮಾಣ ನೀಡುತ್ತಿರುವುದು ಕಂಡುಬಂದಲ್ಲಿ ಏನು ಮಾಡಬೇಕು?
ಉತ್ತರ: ಮಾಹಿತಿ ಸಂಗ್ರಹ ಮುಗಿಯುವವರೆಗೆ ಸುಮ್ಮನಿರುವಂತಿಲ್ಲ. ಕೂಡಲೇ ಮಾರ್ಗದರ್ಶಕರಿಗೆ ಹಾಗೂ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸತಕ್ಕದ್ದು. ಇದಕ್ಕೆ ಅನುಸರಿಸುವ ಕ್ರಮವನ್ನು ಪ್ರಸ್ತಾವನೆಯಲ್ಲಿಯೇ ಬರೆದಿರಬೇಕು.

ಪ್ರಶ್ನೆ: ಫಲಿತಾಂಶವು ಆಸ್ಪತ್ರೆಗೆ ಅನುಕೂಲಕರವಾಗಿಲ್ಲದಿದ್ದಲ್ಲಿ ಪ್ರಕಟಿಸಬಹುದೇ?
ಉತ್ತರ: ಅಧ್ಯಯನದ ಉದ್ದೇಶವೇ ಕೊರತೆಗಳನ್ನು ತಿಳಿದು ಸರಿಪಡಿಸುವುದಾಗಿದೆ. ವೈದ್ಯರ ಹಾಗೂ ರೋಗಿಗಳ ಹೆಸರಿಲ್ಲದೆ, ಮೊದಲು ಸಂಬಂಧಪಟ್ಟ ವಿಭಾಗಕ್ಕೆ ವರದಿ ನೀಡಿ, ಅನುಮತಿ ಪತ್ರದ ಷರತ್ತುಗಳಿಗೆ ಒಳಪಟ್ಟು ಪ್ರಕಟಿಸಬಹುದು.

ಪ್ರಶ್ನೆ: ಅಧ್ಯಯನವನ್ನು ಮಧ್ಯದಲ್ಲಿ ವಿಸ್ತರಿಸಬಹುದೇ?
ಉತ್ತರ: ಸ್ಥಳ, ಅವಧಿ ಅಥವಾ ಪ್ರಶ್ನಾವಳಿಯಲ್ಲಿ ಬದಲಾವಣೆಗೆ ನೈತಿಕ ಸಮಿತಿಯ ಮರು ಅನುಮೋದನೆ ಅಗತ್ಯ.

14. ಅಂತಿಮ ಸೂಚನೆ

ಅಧ್ಯಯನ ಪೂರ್ಣಗೊಂಡ ನಂತರ ವರದಿಯ ಒಂದು ಪ್ರತಿಯನ್ನು ಅನುಮತಿ ನೀಡಿದ ಕಚೇರಿಗೂ, ಅಧ್ಯಯನ ನಡೆದ ಆರೋಗ್ಯ ಕೇಂದ್ರಕ್ಕೂ ಸಲ್ಲಿಸುವಂತೆ ಕೋರಲಾಗಿದೆ. ಕಪಾಟಿನಲ್ಲಿ ಉಳಿಯುವ ಪ್ರಬಂಧದಿಂದ ಯಾವ ಮಗುವಿಗೂ ಪ್ರಯೋಜನವಾಗುವುದಿಲ್ಲ. ಎರಡು ಪುಟಗಳ ಕನ್ನಡ ಸಾರಾಂಶವು ಆರೋಗ್ಯ ಕೇಂದ್ರದ ವೈದ್ಯರು, ಶುಶ್ರೂಷಕಿಯರು ಮತ್ತು ಆಶಾ ಕಾರ್ಯಕರ್ತೆಯರಿಗೆ ಹೆಚ್ಚು ಉಪಯುಕ್ತವಾಗುತ್ತದೆ. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಆಚರಿಸಲಾಗುವ ವಿಶ್ವ ಔಷಧ ನಿರೋಧಕತೆ ಜಾಗೃತಿ ಸಪ್ತಾಹದಲ್ಲಿ ಇಂತಹ ಸಾರಾಂಶಗಳನ್ನು ಸಾರ್ವಜನಿಕರ ಮುಂದಿಡಲು ಅವಕಾಶವಿರುತ್ತದೆ.

ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದ್ದು, ಅಧಿಸೂಚನೆ ಅಥವಾ ನಿಯಮಗಳಿಗೂ ಇದಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಮೂಲ ಅಧಿಸೂಚನೆ ಮತ್ತು ನಿಯಮಗಳೇ ಅನ್ವಯವಾಗುತ್ತವೆ. ಹೆಚ್ಚಿನ ಮಾಹಿತಿಗಾಗಿ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಸಂಶೋಧನಾ ವಿಭಾಗವನ್ನೂ, ಸಾರ್ವಜನಿಕರು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯನ್ನೂ ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.